ಋಣದ ಕೋಶ, ಧನದ ಕಣ

ಮನೆಮನೆಗೆ ನಲ್ಲಿ ಬರುವ ಮುಂಚಿನ ಮಾತು. ತುಂಗಭದ್ರೆಗೆ ಹೊಸ ನೀರು ಬಂತೆಂದರೆ ಕಂಪ್ಲಿಯ ಹೊಳೆದಂಡೆಯವರ ಕೊಡಗಳಲ್ಲಿ ತುಂಬುತ್ತಿದ್ದುದು ಕೆಂಪು ರಾಡಿ. ಮನೆಯ ಹಿರಿಯ ಹೆಂಗಸು ಗೋಡೆಯ ಮಾಡದೊಳಗಿಂದ ಪಟಿಕದ ತುಂಡು ತೆಗೆದು, ನೀರಿನಲ್ಲಿ ನಾಲ್ಕು ಸುತ್ತು ತಿರುಗಿಸಿ, ಕೊಡವನ್ನು ಅಲುಗಿಸದೆ ಮೂಲೆಗಿಡುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಮಣ್ಣು ತಳದಲ್ಲಿ, ತಿಳಿನೀರು ಮೇಲೆ.

ಆ ಕೊಡದೊಳಗೆ ನಡೆದದ್ದು ವಿದ್ಯುತ್ತಿನ ವ್ಯವಹಾರ. ಆ ರಾಡಿಯ ಜೇಡಿ ಪದರಗಳು ಒಂದೊಂದೂ ಸುಮಾರು ಒಂದು ನ್ಯಾನೋಮೀಟರ್ ದಪ್ಪ, ಅಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಅವುಗಳ ಮೈಮೇಲೆ ಋಣ ವಿದ್ಯುದಾವೇಶವಿದೆ. ಋಣವಿದ್ದವರು ಒಬ್ಬರನ್ನೊಬ್ಬರು ಹತ್ತಿರ ಸೇರಿಸುವುದಿಲ್ಲ, ಹೀಗಾಗಿ ಕಣಗಳು ಕೂಡಿ ದಪ್ಪವಾಗವು, ತಳಕ್ಕಿಳಿಯವು, ದಿನಗಟ್ಟಲೆ ತೇಲುತ್ತಲೇ ಇರುತ್ತವೆ. ಪಟಿಕದಿಂದ ಕರಗಿ ಬಂದ ಅಲ್ಯೂಮಿನಿಯಂ ಧನಾವೇಶದ್ದು. ಅದು ಕಣಗಳ ಋಣ ತೀರಿಸುತ್ತದೆ. ಋಣ ತೀರಿದ ಕಣಗಳು ಒಂದನ್ನೊಂದು ತಬ್ಬಿ, ಭಾರವಾಗಿ ಕೆಳಗೆ ಕೂರುತ್ತವೆ. ನೀರೂ ಅದೇ, ಮಣ್ಣೂ ಅದೇ. ಬದಲಾದದ್ದು ಕಣದ ಮೈಮೇಲಿನ ಸ್ಥಿತಿ ಮಾತ್ರ.

ಪಟಿಕ ಸಿಗದ ಕಡೆ ಚಿಲ್ಲದ ಬೀಜವನ್ನು ತೇಯ್ದು ನೀರಿಗೆ ಬಿಡುವ ರೂಢಿಯೂ ಹಳೆಯದು. ಸಂಸ್ಕೃತದವರು ಇದನ್ನು ಕತಕ ಎಂದರು, ಶಾಸ್ತ್ರಕಾರರು ಉಪಮೆಗೆ ಎಳೆದುಕೊಂಡರು. ಕತಕದ ಹೆಸರು ಜಪಿಸಿದ ಮಾತ್ರಕ್ಕೆ ನೀರು ತಿಳಿಯಾಗದು ಎಂಬ ಎಚ್ಚರಿಕೆ ಮನುಸ್ಮೃತಿಯಲ್ಲಿದೆ. ಕತಕದ ಪುಡಿ ಕೊಳೆಯನ್ನು ಇಳಿಸಿ ತಾನೂ ಇಳಿದುಹೋಗುವಂತೆ, ಅರಿವು ಅಜ್ಞಾನವನ್ನು ತೊಡೆದು ತಾನೂ ಅಡಗುತ್ತದೆ ಎಂಬ ಹೋಲಿಕೆ ಶಂಕರರ ಹೆಸರಿನ ‘ಆತ್ಮಬೋಧ’ದಲ್ಲಿದೆ. ಇಬ್ಬರಿಗೂ ಕಂಡದ್ದು ಕೊಡ. ಅದೇ ವ್ಯವಹಾರ ಮನುಷ್ಯನ ಮೈಯೊಳಗೂ ನಡೆಯುತ್ತದೆ ಎಂಬುದು ತಿಳಿದದ್ದು ಈಚಿನ ದಶಕಗಳಲ್ಲಿ.

ಮನುಷ್ಯನ ಜೀವಕೋಶವೂ ಹುಟ್ಟಾ ಋಣದ್ದು. ಐದರಿಂದ ಹತ್ತು ನ್ಯಾನೋಮೀಟರ್ ದಪ್ಪದ ಪೊರೆ, ಅದರ ಹೊರಗೆ ನವಿರಾದ ಸಕ್ಕರೆಯ ಪಾಚಿ, ಆ ಪಾಚಿಯ ತುದಿಯಲ್ಲಿ ಸಿಯಾಲಿಕ್ ಆಮ್ಲ. ಕೋಶದ ಹೊರಮೈಗೆ ಋಣಾವೇಶ ಬರುವುದು ಬಹುಪಾಲು ಇದರಿಂದ. ರಕ್ತದಲ್ಲಿ ಹರಿದುಬರುವ ಪುಟ್ಟ ಕಣಕ್ಕೂ ಋಣಾವೇಶವಿದ್ದರೆ ಎರಡೂ ದೂರ ಸರಿಯುತ್ತವೆ. ಕಣಕ್ಕೆ ಧನಾವೇಶವಿದ್ದರೆ ಅಂಟುತ್ತದೆ. ಅಂಟಿದ ಮೇಲೆ ಪೊರೆಯನ್ನು ಹರಿಯಬಹುದು, ಇಲ್ಲವೇ ಒಳಗೆ ನುಂಗಿಸಿಕೊಂಡು ಹೋಗಬಹುದು. ಕನ್ನಡದಲ್ಲಿ ಆವೇಶ ಎಂದರೆ ಮೈಮೇಲೆ ದೇವರು ಬರುವುದೂ ಹೌದು, ವಿದ್ಯುತ್ತಿನ ಚಾರ್ಜೂ ಹೌದು. ಪಠ್ಯಪುಸ್ತಕಕ್ಕೆ ಈ ಪದ ಆರಿಸಿದವರು ಯಾರೋ, ಅವರಿಗೊಂದು ನಮಸ್ಕಾರ ಸಲ್ಲಬೇಕು.

2004ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ವಿನ್ಸೆಂಟ್ ರೊಟೆಲ್ಲೊ ಅವರ ತಂಡ ಎರಡು ನ್ಯಾನೋಮೀಟರ್ ಬಂಗಾರದ ಕಣಗಳಿಗೆ ಎರಡು ಬಗೆಯ ಅಂಗಿ ತೊಡಿಸಿ ನೋಡಿತು. ಧನಾವೇಶದ ಅಂಗಿ ತೊಟ್ಟ ಕಣಗಳು ಕೋಶಗಳನ್ನು ಘಾಸಿಗೊಳಿಸಿದವು. ಋಣಾವೇಶದ ಅಂಗಿಯವು ಹೆಚ್ಚು ಕಡಿಮೆ ಸಾಧುವಾಗಿದ್ದವು. ಒಳಗಿನ ಬಂಗಾರ ಎರಡರಲ್ಲೂ ಒಂದೇ.

ನಾಲ್ಕು ವರ್ಷದ ಬಳಿಕ ಲಾಸ್ ಏಂಜಲೀಸಿನಲ್ಲಿ ಆಂದ್ರೆ ನೆಲ್ ಅವರ ತಂಡದ ಪ್ರಯೋಗ ಇನ್ನೊಂದು ಗಂಟು ಹಾಕಿತು. 60 ನ್ಯಾನೋಮೀಟರಿನ ಧನಾವೇಶದ ಪಾಲಿಸ್ಟೈರೀನ್ ಕಣಗಳನ್ನು ಐದು ಬಗೆಯ ಕೋಶಗಳಿಗೆ ಉಣಿಸಿದರು. ರೋಗಾಣು ನುಂಗುವ ಕಾವಲು ಕೋಶಗಳೂ ಶ್ವಾಸನಾಳದ ಒಳಪದರದ ಕೋಶಗಳೂ ಸತ್ತವು. ಕಾವಲು ಕೋಶದಲ್ಲಿ ಕಣ ಹೋಗಿ ಕೂತದ್ದು ಜೀರ್ಣಚೀಲದಲ್ಲಿ. ಅಲ್ಲಿ ಅದು ಆಮ್ಲವನ್ನು ಹೀರಿ ಹೀರಿ ಚೀಲವನ್ನೇ ಒಡೆಯಿತು. ಉಳಿದ ಮೂರು ಬಗೆಯ ಕೋಶಗಳು ಅದೇ ಕಣವನ್ನು ಬಹಳಮಟ್ಟಿಗೆ ತಾಳಿಕೊಂಡವು. ಹಾಗಾದರೆ ಆ ಕಣ ವಿಷವೋ ಅಲ್ಲವೋ?

ವಿಷದ ವಿಚಾರದಲ್ಲಿ ನಮ್ಮವರ ಹಳೆಯ ತೀರ್ಪೊಂದಿದೆ: ಅತಿಯಾದರೆ ಅಮೃತವೂ ವಿಷ. ಯುರೋಪಿನಲ್ಲಿ 16ನೇ ಶತಮಾನದ ವೈದ್ಯ ಪ್ಯಾರಾಸೆಲ್ಸಸ್ ಹೇಳಿದ್ದೂ ಇದನ್ನೇ, ಪ್ರಮಾಣವೇ ವಿಷ ಎಂದು. ತಕ್ಕಡಿ ನಂಬಿದ ನ್ಯಾಯವಿದು. ಆದರೆ ನ್ಯಾನೋಕಣ ತಕ್ಕಡಿಗೆ ಬಗ್ಗುವುದಿಲ್ಲ.

ಒಂದು ಸೆಂಟಿಮೀಟರ್ ಬದಿಯ ಬಂಗಾರದ ಘನವೊಂದನ್ನು ಊಹಿಸಿಕೊಳ್ಳಿ. ತೂಕ 19 ಗ್ರಾಂ ಚಿಲ್ಲರೆ. ವಿಜಯನಗರದ ವರಹ ಸುಮಾರು 3.4 ಗ್ರಾಂ ತೂಗುತ್ತಿತ್ತಾದ್ದರಿಂದ, ಐದಾರು ವರಹದ ಬಂಗಾರ ಎನ್ನೋಣ. ಅದರ ಆರು ಮುಖಗಳ ಒಟ್ಟು ವಿಸ್ತಾರ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೋಮೀಟರ್ ಬದಿಯ ಘನಗಳಾಗಿ ಕತ್ತರಿಸುತ್ತ ಹೋದರೆ ಎಲ್ಲ ಮುಖಗಳ ವಿಸ್ತಾರ 600 ಚದರ ಮೀಟರ್ ಆಗುತ್ತದೆ, ಹತ್ತಿರಹತ್ತಿರ ಆರು ಗುಂಟೆ ಜಮೀನು! ಬಂಗಾರ ಗುಲಗಂಜಿಯಷ್ಟೂ ಹೆಚ್ಚಿಲ್ಲ. ಆದರೆ ಕೋಶಕ್ಕೆ ತಾಗುವುದು ಮೇಲ್ಮೈಯೇ ಹೊರತು ಒಡಲಲ್ಲ. ಮೇಲ್ಮೈಯ ಪರಮಾಣುಗಳಿಗೆ ಹೊರಗಡೆ ನೆರೆಹೊರೆ ಇರುವುದಿಲ್ಲ, ಕೈ ಖಾಲಿ. ಖಾಲಿ ಕೈಯವರು ಸಿಕ್ಕಿದ್ದನ್ನು ಹಿಡಿಯುತ್ತಾರೆ, ಸಿಕ್ಕವರ ಜೊತೆ ಕೂಡುತ್ತಾರೆ.

ಜರ್ಮನಿಯ ಆಕೆನ್ ನಗರದಲ್ಲಿ 2007ರಲ್ಲಿ ಕಂಡದ್ದು ಇದು: 1.4 ನ್ಯಾನೋಮೀಟರಿನ ಬಂಗಾರದ ಕಣ ಕೋಶಗಳನ್ನು ಕೊಂದಿತು. 15 ನ್ಯಾನೋಮೀಟರಿನ ಅದೇ ಬಂಗಾರ, ಹತ್ತಾರು ಪಟ್ಟು ಸಾಂದ್ರತೆಯಲ್ಲಿ ಸುರಿದರೂ ಕೊಲ್ಲಲಿಲ್ಲ. ಕಿರಿದಾದಷ್ಟೂ ಕೇಡು ಎಂದು ಗೆರೆ ಎಳೆಯೋಣವೆಂದರೆ ಅದೂ ಸಲೀಸಲ್ಲ. ಅದಕ್ಕೂ ಒಂದು ವರ್ಷ ಮೊದಲು ಟೊರಾಂಟೊದಲ್ಲಿ 14ರಿಂದ 100 ನ್ಯಾನೋಮೀಟರಿನವರೆಗಿನ ಬಂಗಾರದ ಕಣಗಳನ್ನು ಹೀಲಾ ಎಂಬ ಪ್ರಯೋಗಾಲಯದ ಕೋಶಗಳ ಮುಂದಿಟ್ಟಾಗ, ಅವು ಎಲ್ಲಕ್ಕಿಂತ ಹೆಚ್ಚು ನುಂಗಿದ್ದು 50 ನ್ಯಾನೋಮೀಟರಿನವನ್ನು. ಅತಿ ಕಿರಿದನ್ನೂ ಅಲ್ಲ, ಅತಿ ಹಿರಿದನ್ನೂ ಅಲ್ಲ. ಕೋಶದ ಪೊರೆ ತುತ್ತನ್ನು ಸುತ್ತಿಕೊಂಡು ಒಳಗೆಳೆಯುವುದಕ್ಕೆ ಅದರದೇ ಒಂದು ಅಳತೆ ಇದೆ, ಅಂಗೈಗೆ ತಕ್ಕ ತುತ್ತಿನಂತೆ.

ಕೇಡು ಬಂಗಾರದ ಗುಣವಾಗಿದ್ದರೆ ದೊಡ್ಡ ಕಣದಲ್ಲೂ ಇರಬೇಕಿತ್ತು. ಇಲ್ಲ. ಹಾಗಾದರೆ ಅದರ ಮನೆ ಎಲ್ಲಿ? ವಸ್ತುವಿನಲ್ಲೋ, ಅಳತೆಯಲ್ಲೋ, ಮೈಮೇಲಿನ ಅಂಗಿಯಲ್ಲೋ, ಎದುರಾದ ಕೋಶದಲ್ಲೋ? ಪ್ರಯೋಗಾಲಯದವರು ಇದನ್ನು ನಂಜಿನ ಲೆಕ್ಕ ಎನ್ನುತ್ತಾರೆ. ವಿಜಯನಗರದ ಪಂಡಿತರ ಕಿವಿಗೆ ಬಿದ್ದಿದ್ದರೆ ದ್ರವ್ಯ ಮತ್ತು ಗುಣದ ಜಗಳ ಎನ್ನುತ್ತಿದ್ದರು.

ಆ ಜಗಳದ ಲೆಕ್ಕಪತ್ರ 14ನೇ ಶತಮಾನದಲ್ಲಿ, ವಿಜಯನಗರದ ಆರಂಭದ ದಿನಗಳಲ್ಲೇ, ಮಾಧವರ ‘ಸರ್ವದರ್ಶನಸಂಗ್ರಹ’ದಲ್ಲಿ ಒಂದೆಡೆ ಸೇರಿತು. ಚಾರ್ವಾಕರಿಂದ ಹಿಡಿದು ಒಂದೊಂದೇ ದರ್ಶನವನ್ನು ಅದರ ವಾದದೊಂದಿಗೆ ಮಂಡಿಸುವ ಈ ಗ್ರಂಥದಲ್ಲಿ ವೈಶೇಷಿಕರೂ ಇದ್ದಾರೆ, ಜೈನರೂ ಇದ್ದಾರೆ. ಪಾದರಸದಿಂದ ದೇಹವನ್ನು ಗಟ್ಟಿಗೊಳಿಸಿ ಬದುಕಿರುವಾಗಲೇ ಮುಕ್ತಿ ಪಡೆಯಬಹುದೆನ್ನುವ ರಸೇಶ್ವರ ದರ್ಶನದವರೂ ಇದ್ದಾರೆ. ಪಾದರಸ ವಿಷವೋ ಅಮೃತವೋ ಎಂಬುದು ಅವರಿಗೆ ಮೋಕ್ಷದ ಪ್ರಶ್ನೆಯಾಗಿತ್ತು.

ವೈಶೇಷಿಕರು ಕಣದ ಮಾತಿಗೆ ಉದಾಹರಣೆ ತೆಗೆದುಕೊಂಡದ್ದು ಕಿಟಕಿಯ ಬಿಸಿಲು. ಕಿಂಡಿಯಿಂದ ಬಿದ್ದ ಬಿಸಿಲ ಕೋಲಿನಲ್ಲಿ ಆಡುವ ಧೂಳಿನ ಕಣವೇ ಕಣ್ಣಿಗೆ ಕಾಣುವ ಕಟ್ಟಕಡೆಯ ಕಿರಿದು. ಅದು ತ್ರಸರೇಣು. ಅದರ ಆರನೆಯ ಒಂದು ಪಾಲು ಪರಮಾಣು. ಹಂಪಿಯ ವಿರೂಪಾಕ್ಷ ಗುಡಿಯಲ್ಲಿ ರಾಜಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವ ಕತ್ತಲೆಯ ಕೋಣೆ ನೋಡದ ಪ್ರವಾಸಿಗರಿಲ್ಲ. ಆ ಕಿಂಡಿಯ ಬೆಳಕಿನಲ್ಲಿ ನೆರಳು ನೋಡುವವರೇ ಎಲ್ಲ, ಧೂಳು ನೋಡುವವರು ಕಡಿಮೆ. ಇಂದಿನ ಲೆಕ್ಕದಲ್ಲಿ ತ್ರಸರೇಣುವನ್ನು ಆರು ಪಾಲು ಮಾಡಿದರೆ ನ್ಯಾನೋ ಎಲ್ಲೆಯ ಹತ್ತಿರವೂ ಹೋಗುವುದಿಲ್ಲ ಎಂಬುದು ಬೇರೆ ಮಾತು. ವೈಶೇಷಿಕರಿಗೆ ಮುಖ್ಯವಾದದ್ದು ಇನ್ನೊಂದು: ಪೃಥ್ವಿಯ ಪರಮಾಣು ಬೇರೆ, ನೀರಿನದು ಬೇರೆ, ಬೆಂಕಿಯದು ಬೇರೆ, ಗಾಳಿಯದು ಬೇರೆ. ಗುಣ ಆಯಾ ದ್ರವ್ಯವನ್ನು ಬಿಡದೆ ಅಂಟಿಕೊಂಡಿದೆ. ಈ ಮಾತಿನಲ್ಲೇ ನಿಂತರೆ 1.4 ನ್ಯಾನೋಮೀಟರಿನ ಬಂಗಾರಕ್ಕೆ ವಿವರಣೆ ಕೊಡುವುದು ಕಷ್ಟ.

ಜೈನರ ದಾರಿ ಬೇರೆ. ಅದನ್ನು ನೆನೆಯಲು ಹಂಪಿ ಬಿಟ್ಟು ದೂರ ಹೋಗಬೇಕಿಲ್ಲ. ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯಲ್ಲೇ ಗಾಣಗಿತ್ತಿ ಜಿನಾಲಯವಿದೆ. ಎರಡನೇ ಹರಿಹರನ ದಂಡನಾಯಕ ಇರುಗಪ್ಪ 1385ರಲ್ಲಿ ಕುಂಥುಜಿನನಾಥನಿಗೆ ಕಟ್ಟಿಸಿದ ಗುಡಿಯಿದು ಎಂದು ಮುಂದಿನ ಎತ್ತರದ ದೀಪಸ್ತಂಭದ ಶಾಸನ ಹೇಳುತ್ತದೆ. ಎಣ್ಣೆ ತೆಗೆಯುವ ಗಾಣಗಿತ್ತಿಯ ಹೆಸರು ಆಮೇಲೆ ಅಂಟಿಕೊಂಡದ್ದು. ಅಂಟಿಕೊಂಡದ್ದು ಎಷ್ಟು ಚೆನ್ನಾಗಿದೆ ಎಂದರೆ, ಜೈನರ ಪರಮಾಣು ವಿಚಾರ ನಿಂತಿರುವುದೇ ಎಣ್ಣೆಯಂಥ ಒಂದು ಗುಣದ ಮೇಲೆ. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ದ ಪ್ರಕಾರ ಪರಮಾಣುಗಳು ಒಂದಕ್ಕೊಂದು ಬಂಧಿಸಿಕೊಳ್ಳುವುದಕ್ಕೆ ಕಾರಣ ಸ್ನಿಗ್ಧತೆ ಮತ್ತು ರೂಕ್ಷತೆ, ಅಂದರೆ ಜಿಡ್ಡು ಮತ್ತು ಒರಟು. ಈ ಗುಣಗಳಿಗೆ ಹೆಚ್ಚು ಕಡಿಮೆಗಳುಂಟು. ತೀರಾ ಕನಿಷ್ಠ ಮಟ್ಟದ ಗುಣವಿರುವ ಪರಮಾಣುಗಳು ಕೂಡುವುದಿಲ್ಲ. ಜೊತೆಗೆ, ಜೈನರಲ್ಲಿ ಪೃಥ್ವಿಗೊಂದು ನೀರಿಗೊಂದು ಎಂದು ಪರಮಾಣುವಿನ ಜಾತಿಗಳಿಲ್ಲ. ಪುದ್ಗಲ, ಅಂದರೆ ಜಡದ್ರವ್ಯ, ಒಂದೇ; ಕೂಡುವ ಬಗೆಯಿಂದ ರೂಪ ಬೇರೆ.

ಇದನ್ನು ಓದಿ, ನಮ್ಮ ಹಿರಿಯರಿಗೆ ಧನ ಋಣ ಚಾರ್ಜು ಮೊದಲೇ ಗೊತ್ತಿತ್ತು ಎಂದು ಕುಣಿಯುವವರುಂಟು. ಗೊತ್ತಿರಲಿಲ್ಲ. ಗೊತ್ತಿತ್ತು ಎಂದರೆ ಆ ಸೂತ್ರಕಾರನಿಗೆ ಗೌರವ ಹೆಚ್ಚುವುದೂ ಇಲ್ಲ. ಸ್ವರ್ಣಭಸ್ಮದ ಕತೆಯೂ ಇಂಥದ್ದೇ. ಆಯುರ್ವೇದದ ಭಸ್ಮ ಹದವಾಗಿದೆಯೇ ಎಂದು ನೋಡಲು ಬೆರಳ ಗೆರೆಯೊಳಗೆ ಸೇರುತ್ತದೆಯೇ, ನೀರಿನ ಮೇಲೆ ತೇಲುತ್ತದೆಯೇ, ಮತ್ತೆ ಲೋಹವಾಗಿ ತಿರುಗದೆ ಉಳಿಯುತ್ತದೆಯೇ ಎಂಬ ಪರೀಕ್ಷೆಗಳಿವೆ. ಸ್ವರ್ಣಭಸ್ಮದಲ್ಲಿ ನ್ಯಾನೋ ಗಾತ್ರದ ಬಂಗಾರದ ಕಣಗಳನ್ನು ಸೂಕ್ಷ್ಮದರ್ಶಕ ತೋರಿಸಿದೆ. ಅಷ್ಟರಿಂದ ಸಿದ್ಧವಾಗುವುದು ಅರೆದವರ ತಾಳ್ಮೆ ಮಾತ್ರ. ನುಂಗಿದವರ ಕ್ಷೇಮಕ್ಕೆ ಬೇರೆ ಸಾಕ್ಷಿ ಬೇಕು.

ಜೈನರಿಂದ ನಿಜವಾಗಿ ಕಲಿಯಬೇಕಾದ್ದು ಬೇರೆಯೇ ಇದೆ. ಅದಕ್ಕೆ ಮುಂಚೆ ಕಣ ತೊಟ್ಟ ಆ ಅಂಗಿಯ ವಿಷಯ ಪೂರ್ತಿ ಮಾಡಬೇಕು.

ಕಣದ ಆವೇಶವಾದರೂ ಅದರ ಸ್ವಂತದ್ದೇ? ರಕ್ತಕ್ಕೆ ಬಿದ್ದ ಕ್ಷಣದಲ್ಲೇ ಅಲ್ಲಿನ ಪ್ರೋಟೀನುಗಳು ಕಣವನ್ನು ಮುತ್ತಿ ಹೊದಿಕೆಯಾಗುತ್ತವೆ. ಡಬ್ಲಿನ್ನಿನ ಕೆನೆತ್ ಡಾಸನ್ ಮತ್ತು ಸಂಗಡಿಗರು 2007ರ ಹೊತ್ತಿಗೆ ಇದನ್ನು ಪ್ರೋಟೀನ್ ಕರೋನಾ ಎಂದು ಕರೆದರು, ಕರೋನಾ ಎಂದರೆ ಕಿರೀಟ. ಕೋಶದ ಬಾಗಿಲು ತಟ್ಟುವ ಹೊತ್ತಿಗೆ ಕಣ ತೊಟ್ಟಿರುವುದು ಕಾರ್ಖಾನೆಯ ಅಂಗಿಯಲ್ಲ, ದಾರಿಯಲ್ಲಿ ಸಿಕ್ಕ ಅಂಗಿ.

ಆವೇಶ ಜಾಗ ನೋಡಿ ಬದಲಾಗುವುದನ್ನು ಕಾಣಲು ಆರತಿ ತಟ್ಟೆ ಸಾಕು. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಓಕುಳಿ ಕೆಂಪಾಗುತ್ತದೆ. ಸುಣ್ಣದ ಕ್ಷಾರದಲ್ಲಿ ಅರಿಶಿನದ ಕರ್ಕ್ಯುಮಿನ್ ಒಂದು ಪ್ರೋಟಾನ್ ಬಿಟ್ಟುಕೊಟ್ಟು ಋಣಾವೇಶ ತಾಳುತ್ತದೆ, ಬಣ್ಣವೂ ತಿರುಗುತ್ತದೆ. ಕೋವಿಡ್ ಕಾಲದ ಎಂಆರ್‌ಎನ್‌ಎ ಲಸಿಕೆಗಳ ಕೊಬ್ಬಿನ ನ್ಯಾನೋಕಣಗಳೂ ಇದೇ ಜಾಣತನದ ಮೇಲೆ ನಿಂತವು. ಗಾತ್ರ 100 ನ್ಯಾನೋಮೀಟರಿನ ಆಸುಪಾಸು. ಕೋಶದ ಹೊರಗಿರುವಾಗ ಹೆಚ್ಚುಕಡಿಮೆ ತಟಸ್ಥ, ಯಾರ ಪೊರೆಗೂ ತೊಂದರೆಯಿಲ್ಲ. ಕೋಶ ಒಂದು ಚೀಲದಲ್ಲಿ ಸುತ್ತಿ ನುಂಗಿದ ಮೇಲೆ ಆ ಚೀಲದ ಆಮ್ಲದಲ್ಲಿ ಧನಾವೇಶ ತಾಳಿ, ಗೋಡೆ ಭೇದಿಸಿ, ಒಳಗಿನ ಸಂದೇಶವನ್ನು ಹೊರಗೆ ಬಿಡುತ್ತವೆ. ಲಾಸ್ ಏಂಜಲೀಸಿನಲ್ಲಿ ಕೋಶವನ್ನು ಕೊಂದದ್ದಕ್ಕೂ ಇಲ್ಲಿ ಜನರನ್ನು ಕಾಯ್ದದ್ದಕ್ಕೂ ನಡುವೆ ಇದ್ದದ್ದು, ಯಾವ ಜಾಗದಲ್ಲಿ ಎಷ್ಟು ಆವೇಶ ಎಂಬ ಲೆಕ್ಕ.

ಇಲ್ಲಿಗೆ ಬಂದಾಗ ಜೈನರ ಅನೇಕಾಂತವಾದ ಸಹಜವಾಗಿ ನಾಲಿಗೆಗೆ ಬರುತ್ತದೆ. ಒಂದು ದೃಷ್ಟಿಯಿಂದ ವಿಷ, ಒಂದು ದೃಷ್ಟಿಯಿಂದ ಅಲ್ಲ: ಇದೇ ಅವರ ಸ್ಯಾತ್. ವಸ್ತುವಿನ ಗುಣವೆಂಬುದು ಸಂಬಂಧದಲ್ಲಿ ಹುಟ್ಟುತ್ತದೆ. ತತ್ತ್ವಕ್ಕೆ ಚೆನ್ನ. ಆದರೆ ಸಂಡೂರಿನ ರಸ್ತೆಯಲ್ಲಿ ನಿಂತು ಈ ಮಾತು ಆಡುವಾಗ ಹುಷಾರಾಗಿರಬೇಕು. ಧೂಳೆಬ್ಬಿಸಿದವನು ಇದೇ ಸ್ಯಾದ್ವಾದವನ್ನು ಗುರಾಣಿ ಮಾಡಿಕೊಂಡು, ಧೂಳು ಸ್ವತಃ ವಿಷವಲ್ಲ ಸ್ವಾಮಿ, ಎಲ್ಲ ಅವರವರ ಶ್ವಾಸಕೋಶವನ್ನು ಅವಲಂಬಿಸಿದೆ ಎಂದರೆ ಉತ್ತರವೇನು?

ಸಂಡೂರಿನ ಕುಮಾರಸ್ವಾಮಿ ಬೆಟ್ಟಸಾಲು ಕಬ್ಬಿಣದ ಅದಿರಿನದು. ಹೊಸಪೇಟೆಯ ಕಡೆಗೆ ಅದಿರಿನ ಲಾರಿಗಳು ಸಾಲುಗಟ್ಟಿದ ವರ್ಷಗಳಲ್ಲಿ ರಸ್ತೆಬದಿಯ ಬೇವು, ಹುಣಸೆ, ಚಹಾ ಅಂಗಡಿಯ ತಗಡು, ಮಕ್ಕಳ ಸಮವಸ್ತ್ರ ಎಲ್ಲವೂ ಒಂದೇ ಕೆಂಪು. ಗಣಿಯ ಭಾಷೆಯಲ್ಲಿ ಗಡ್ಡೆ ಅದಿರು ಲಂಪ್ಸ್, ಪುಡಿ ಅದಿರು ಫೈನ್ಸ್. ಒಂದು ಕಾಲಕ್ಕೆ ಯಾರೂ ಕೇಳದೆ ಗುಡ್ಡೆ ಬಿದ್ದಿದ್ದ ಫೈನ್ಸ್‌ಗೆ ಚೀನಾದ ಬೇಡಿಕೆ ಬಂದ ಮೇಲೆ ಚಿನ್ನದ ಬೆಲೆ ಬಂತು. ಕಿರಿದಾದದ್ದಕ್ಕೆ ಬೇರೆಯೇ ಬಾಳು ಬರುವುದು ಮಾರುಕಟ್ಟೆಯಲ್ಲೂ ಉಂಟು. 2011ರ ಜುಲೈಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ಬಗ್ಗೆ ವರದಿ ಕೊಟ್ಟರು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಮೇಲೆ ಷರತ್ತುಗಳ ಮೇಲೆ ಮತ್ತೆ ಶುರುವಾಯಿತು.

ಈ ಕೆಂಪು ಧೂಳಿನ ವಿಷಯದಲ್ಲಿ ನ್ಯಾಯವಾಗಿ ಮಾತಾಡಬೇಕು. ಒಡೆದು ಪುಡಿಮಾಡಿದ ಅದಿರಿನ ಧೂಳಿನಲ್ಲಿ ಬಹುಪಾಲು ದಪ್ಪ ಕಣಗಳೇ. ಹತ್ತು ಮೈಕ್ರೋಮೀಟರಿಗಿಂತ ದಪ್ಪನಾದವು ಮೂಗು ಗಂಟಲಲ್ಲೇ ಸಿಕ್ಕಿಬೀಳುತ್ತವೆ. ಕಬ್ಬಿಣದ ಆಕ್ಸೈಡ್ ಶ್ವಾಸಕೋಶದಲ್ಲಿ ಕೂತರೆ ಸಿಡರೋಸಿಸ್ ಎನ್ನುತ್ತಾರೆ, ಎಕ್ಸ್‌ರೇಯಲ್ಲಿ ಗಾಬರಿ ಹುಟ್ಟಿಸಿದರೂ ಅದು ಧೂಳುರೋಗಗಳಲ್ಲಿ ಸೌಮ್ಯವಾದದ್ದು. ಕೇಡಿಗ ಬೇರೆ ಇದ್ದಾನೆ. ಸಂಡೂರಿನ ಪಟ್ಟೆ ಬಂಡೆಗಳಲ್ಲಿ ಹೆಮಟೈಟಿನ ಜೊತೆ ಬೆಣಚುಕಲ್ಲಿನ ಪದರಗಳಿವೆ. ಬೆಣಚಿನ ಹರಳು ಧೂಳು ಸಿಲಿಕೋಸಿಸ್ ತರುತ್ತದೆ. ಅದರಲ್ಲೂ ಆಗತಾನೇ ಒಡೆದ ಬೆಣಚು ಹಳತಾದ ಬೆಣಚಿಗಿಂತ ಹೆಚ್ಚು ಘಾತುಕ, ಏಕೆಂದರೆ ಅದರ ಮುರಿದ ಮೈ ಇನ್ನೂ ಹಸಿಯಾಗಿರುತ್ತದೆ. ಅದೇ ಬೆಣಚಿನ ಮೈಗೆ ಅಲ್ಯೂಮಿನಿಯಂ ಲವಣ ಸವರಿದರೆ ಪ್ರಯೋಗಗಳಲ್ಲಿ ನಂಜು ತಗ್ಗಿದೆ. ಕಂಪ್ಲಿಯ ಕೊಡದ ಅಲ್ಯೂಮಿನಿಯಂ ಇಲ್ಲಿ ಮತ್ತೆ ಬಂತು.

ನ್ಯಾನೋ ಅಳತೆಯ ಕಣ ಹುಟ್ಟುವುದು ಒಡೆಯುವುದರಿಂದ ಅಷ್ಟಾಗಿ ಅಲ್ಲ, ಉರಿಯುವುದರಿಂದ. ಅದಿರು ಹೊತ್ತ ಲಾರಿಯ ಡೀಸೆಲ್ ಹೊಗೆ, ಕುಲುಮೆಯ ಹಬೆ, ಬ್ರೇಕಿನ ತಿಕ್ಕಾಟ. ಕೆಂಪು ಧೂಳು ಕಂಡವರು ಸೆರಗು ಮುಚ್ಚಿಕೊಳ್ಳುತ್ತಾರೆ. ಈ ಕಣಕ್ಕೆ ಬಣ್ಣವೂ ಇಲ್ಲ, ಸೆರಗು ತಡೆಯುವುದೂ ಇಲ್ಲ. 2016ರಲ್ಲಿ ಬ್ರಿಟನ್ನಿನ ಬಾರ್ಬರಾ ಮೇಹರ್ ಮತ್ತವರ ಸಂಗಡಿಗರು ಮೆಕ್ಸಿಕೊ ನಗರ ಹಾಗೂ ಮ್ಯಾಂಚೆಸ್ಟರಿನ 37 ಮಂದಿಯ ಮಿದುಳಿನ ಅಂಗಾಂಶ ಪರೀಕ್ಷಿಸಿದಾಗ ಅದರಲ್ಲಿ ಮ್ಯಾಗ್ನೆಟೈಟಿನ, ಅಂದರೆ ಕಬ್ಬಿಣದ ಆಕ್ಸೈಡಿನ, ನುಣ್ಣನೆಯ ಗುಂಡು ನ್ಯಾನೋಕಣಗಳು ಕಂಡವು. ಮೈಯೊಳಗೆ ಹುಟ್ಟುವ ಮ್ಯಾಗ್ನೆಟೈಟ್ ಹರಳಿಗೆ ಮೂಲೆಗಳಿರುತ್ತವೆ. ಗುಂಡಗಾಗಿದ್ದರೆ ಬೆಂಕಿ ಕಂಡು ಬಂದದ್ದು. ಮೂಗಿನ ನರದ ದಾರಿ ಹಿಡಿದು ಅವು ಮಿದುಳು ಸೇರಿರಬೇಕೆಂದು ಅವರ ಊಹೆ.

ಅದೇ ಕಬ್ಬಿಣದ ಆಕ್ಸೈಡಿನ ನ್ಯಾನೋಕಣಕ್ಕೆ ಸಕ್ಕರೆ ಜಾತಿಯ ಹೊದಿಕೆ ಹೊದಿಸಿದ ಫೆರುಮಾಕ್ಸಿಟಾಲ್ ಎಂಬ ಔಷಧಿಗೆ, ಮೂತ್ರಪಿಂಡದ ಕಾಯಿಲೆಯವರ ರಕ್ತಹೀನತೆಗೆಂದು ಅಮೆರಿಕ 2009ರಲ್ಲಿ ಅನುಮತಿ ಕೊಟ್ಟಿತು. ಕೆಲವರಿಗೆ ಜೀವಕ್ಕೆ ಕುತ್ತು ತರುವ ಅಲರ್ಜಿಯಾದದ್ದರಿಂದ 2015ರಲ್ಲಿ ಅದರ ಮೇಲೆ ಕಟ್ಟೆಚ್ಚರಿಕೆಯೂ ಅಚ್ಚಾಯಿತು. ಬೆಟ್ಟದಲ್ಲಿ ಕಲ್ಲು, ರಸ್ತೆಯಲ್ಲಿ ಧೂಳು, ಮಿದುಳಿನಲ್ಲಿ ಅತಿಕ್ರಮಣ, ಸೂಜಿಯಲ್ಲಿ ಮದ್ದು: ಎಲ್ಲವೂ ಕಬ್ಬಿಣ ಮತ್ತು ಆಮ್ಲಜನಕದ ಕೂಟವೇ.

ಈಗ ಧೂಳೆಬ್ಬಿಸಿದವನಿಗೆ ಉತ್ತರ. ಗಾಣಗಿತ್ತಿ ಜಿನಾಲಯದವರ ಶಾಸ್ತ್ರದಲ್ಲೇ ಅದಿದೆ. ‘ತತ್ತ್ವಾರ್ಥಸೂತ್ರ’ ಹಿಂಸೆ ಎಂದರೇನೆಂದು ಹೇಳುವಾಗ ಸತ್ತ ಜೀವವನ್ನಷ್ಟೇ ಎಣಿಸುವುದಿಲ್ಲ. ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ, ಪ್ರಾಣಕ್ಕೆ ಮಾಡುವ ಹಾನಿಯೇ ಹಿಂಸೆ ಎನ್ನುತ್ತದೆ. ದಿಗಂಬರ ಮುನಿ ಕೂರುವ ಮುಂಚೆ ನವಿಲುಗರಿಯ ಪಿಂಛಿಯಿಂದ ನೆಲ ಸವರುವುದು, ಜೈನರ ಮನೆಗಳಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸುವುದು, ಹೊತ್ತು ಮುಳುಗಿದ ಮೇಲೆ ಉಣ್ಣದಿರುವುದು, ಇವೆಲ್ಲ ಕಣ್ಣಿಗೆ ಕಾಣದ್ದರ ಬಗೆಗೆ ತೋರುವ ಎಚ್ಚರ. ಅಲ್ಲಿ ಏನಿದೆಯೋ ಗೊತ್ತಿಲ್ಲ, ಆದ್ದರಿಂದ ಸವರು. ಗೊತ್ತಾದ ಮೇಲೆ ನೋಡೋಣ ಎಂಬುದು ಆ ನಡವಳಿಕೆಯಲ್ಲಿ ಇಲ್ಲ. ಕೇಡು ಕಣದಲ್ಲಿಲ್ಲ, ಕಣ ಮತ್ತು ಕೋಶದ ಭೇಟಿಯಲ್ಲಿದೆ ಎಂಬುದು ನಿಜವೇ. ಆದರೆ ಆ ಭೇಟಿ ಏರ್ಪಡಿಸಿದವನು ಒಬ್ಬನಿದ್ದಾನೆ. ಕಲ್ಲನ್ನು ಯಂತ್ರಕ್ಕೆ ಹಾಕಿದವನು, ತಾಡಪತ್ರಿ ಹೊದಿಸದೆ ಲಾರಿ ಬಿಟ್ಟವನು, ರಸ್ತೆಗೆ ನೀರು ಹೊಡೆಯದವನು, ಹೊಗೆ ತಪಾಸಣೆಯ ಚೀಟಿಯನ್ನು ಲಾರಿ ನೋಡದೆ ಬರೆದವನು. ಧೂಳಿಗೆ ಪಾಪವಿಲ್ಲ, ಪ್ರಮಾದಕ್ಕಿದೆ.

ಎಚ್ಚರಕ್ಕೂ ಅಳತೆಗೋಲು ಬೇಕು. ನಮ್ಮ ಅಳತೆಗೋಲು ಇನ್ನೂ ತಕ್ಕಡಿಯೇ. ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಧೂಳು ಎಂದು ತೂಗುತ್ತೇವೆ. 2.5 ಮೈಕ್ರೋಮೀಟರಿನ ಒಂದು ಕಣದ ತೂಕಕ್ಕೆ 0.1 ಮೈಕ್ರೋಮೀಟರಿನ 15,625 ಕಣಗಳು ಬೇಕು. ತಕ್ಕಡಿಗೆ ಎರಡೂ ಒಂದೇ, ಶ್ವಾಸಕೋಶಕ್ಕೆ ಮೇಲ್ಮೈ 25 ಪಟ್ಟು. ವಿಶ್ವ ಆರೋಗ್ಯ ಸಂಸ್ಥೆ 2021ರ ತನ್ನ ಮಾರ್ಗಸೂಚಿಯಲ್ಲಿ ಈ ಅತಿಸಣ್ಣ ಕಣಗಳನ್ನು ತೂಗುವುದರ ಬದಲು ಎಣಿಸಿರಿ ಎಂದು ಸಲಹೆ ಮಾಡಿದೆ. ಭಾರತದ 2009ರ ಗಾಳಿ ಗುಣಮಟ್ಟದ ಮಾನದಂಡದಲ್ಲಿ 12 ಮಾಲಿನ್ಯಗಳ ಹೆಸರಿದೆ. ಪಿಎಂ 10 ಇದೆ, ಪಿಎಂ 2.5 ಇದೆ, ಸೀಸವಿದೆ, ನಿಕ್ಕಲ್ ಇದೆ. ನೂರು ನ್ಯಾನೋಮೀಟರಿಗಿಂತ ಕಿರಿದಾದ ಕಣಕ್ಕೆ ಆ ಪಟ್ಟಿಯಲ್ಲಿ ಒಂದು ಸಾಲೂ ಇಲ್ಲ.